ಅಪಘಾತದ ಜಾಗದಲ್ಲಿ ಇದ್ದವರೆಲ್ಲ ಪ್ರತ್ಯಕ್ಷದರ್ಶಿಗಳಲ್ಲ

ಮಾನ್ಯ ಸಂಪಾದಕರೇ,

ನಮ್ಮ ಕಡೆ ರಸ್ತೆ ಅಪಘಾತದ ಸುದ್ದಿ ಬಂದಾಗಲೆಲ್ಲ ಅದರಲ್ಲಿ ಒಂದು ಸಾಲು ಇದ್ದೇ ಇರುತ್ತದೆ. ‘ಪ್ರತ್ಯಕ್ಷದರ್ಶಿಗಳು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರು’ ಅಂತ. ನಿಮ್ಮ ಪತ್ರಿಕೆಯಲ್ಲೂ ಇರುತ್ತದೆ, ಬೇರೆಯವರದ್ದರಲ್ಲೂ ಇರುತ್ತದೆ. ಇಂಗ್ಲಿಷ್ ಪತ್ರಿಕೆಗಳಲ್ಲಿ ಅದೇ ಜಾಗದಲ್ಲಿ ಬೈಸ್ಟ್ಯಾಂಡರ್, ಅಂದರೆ ಸುಮ್ಮನೆ ಪಕ್ಕದಲ್ಲಿ ಇದ್ದವರು, ಅನ್ನುವ ಪದ ಇರುತ್ತದೆ. ಇವೆರಡೂ ಒಂದೇ ಅಲ್ಲ. ಬೇರೆ ವಿಷಯ ಆಗಿದ್ದರೆ ಪದ ಹೆಚ್ಚುಕಮ್ಮಿ ಆಯ್ತು ಅಂತ ಸುಮ್ನೆ ಬಿಡಬಹುದಿತ್ತು. ಇಲ್ಲಿ ಬಿಡೋಕಾಗಲ್ಲ. ಯಾಕೆಂದರೆ ಕಾನೂನು ಇವರಿಬ್ಬರನ್ನು ಬೇರೆ ಬೇರೆ ಮಾಡಿ ಬರೆದಿದೆ, ಜನ ಮಾತ್ರ ಇಬ್ಬರೂ ಒಂದೇ ಅಂದುಕೊಂಡು ಗಾಯಾಳುವಿನ ಹತ್ತಿರ ಹೋಗೋಕೇ ಹೆದರುತ್ತಿದ್ದಾರೆ.

ನಾನು ಮಂಡ್ಯದಲ್ಲಿ ಕೋರ್ಟಿನ ಹತ್ತಿರ ಟೈಪಿಂಗ್ ಮತ್ತು ಅನುವಾದದ ಕೆಲಸ ಮಾಡುತ್ತೇನೆ. ನನ್ನ ಟೇಬಲ್ಲಿಗೆ ಬರುವುದು ಜಾಸ್ತಿ ಎಂವಿಸಿ ಕೇಸಿನ ಕಾಗದ, ಅಂದರೆ ಅಪಘಾತದ ಪರಿಹಾರದ ಕೇಸುಗಳು. ಎಫ್‌ಐಆರ್, ಸ್ಥಳ ಮಹಜರು, ವೂಂಡ್ ಸರ್ಟಿಫಿಕೇಟ್, ಚಾರ್ಜ್‌ಶೀಟ್. ಕನ್ನಡದಲ್ಲಿರುವುದನ್ನು ಇಂಗ್ಲಿಷಿಗೆ ಮಾಡಿಕೊಡಬೇಕು. ಈ ಕಾಗದಗಳಲ್ಲಿ ಒಂದು ಸಾಲು ಬಾಯಿಪಾಠ ಆಗುವಷ್ಟು ಸಲ ಬರುತ್ತದೆ: ‘ಅಲ್ಲೇ ಇದ್ದ ಸಾರ್ವಜನಿಕರು ಗಾಯಾಳುವನ್ನು ಉಪಚರಿಸಿ, ಯಾವುದೋ ಒಂದು ಆಟೋದಲ್ಲಿ ಚಿಕಿತ್ಸೆಗಾಗಿ ಆಸ್ಪತ್ರೆಗೆ ಕಳುಹಿಸಿಕೊಟ್ಟಿರುತ್ತಾರೆ.’ ಆ ‘ಉಪಚರಿಸಿ’ ಒಳಗೆ ಎಷ್ಟು ಕೆಲಸ ಇದೆ ನೋಡಿ. ಯಾರೋ ಹೆಗಲ ಮೇಲಿನ ಟವಲ್ ತೆಗೆದು ರಕ್ತ ಸುರಿಯುವ ಜಾಗಕ್ಕೆ ಒತ್ತಿ ಹಿಡಿದಿದ್ದಾರೆ. ಯಾರೋ ರಸ್ತೆಗೆ ಅಡ್ಡ ನಿಂತು ಹಿಂದಿನಿಂದ ಬರುವ ಲಾರಿಗಳಿಗೆ ಕೈ ಬೀಸಿದ್ದಾರೆ. ಯಾರೋ ಬಿದ್ದವನ ಜೇಬಿನಿಂದ ಫೋನ್ ತೆಗೆದು ‘ಅಪ್ಪ’ ಅಂತ ಇದ್ದ ನಂಬರಿಗೆ ಮಾಡಿದ್ದಾರೆ. ಇವರಲ್ಲಿ ಒಬ್ಬರ ಹೆಸರೂ ಆ ಕಾಗದದಲ್ಲಿ ಇರುವುದಿಲ್ಲ. ಇರಬೇಕಾಗಿಯೂ ಇಲ್ಲ. ಪೊಲೀಸರು ಬರೆಯುವ ಈ ‘ಅಲ್ಲೇ ಇದ್ದ ಸಾರ್ವಜನಿಕರು’ ಇದ್ದಾರಲ್ಲ, ಅವರೇ ಬೈಸ್ಟ್ಯಾಂಡರ್‌ಗಳು. ಪಕ್ಕದಲ್ಲಿ ನಿಂತಿದ್ದವರು, ಅಷ್ಟೇ.

ಪ್ರತ್ಯಕ್ಷ ಸಾಕ್ಷಿ ಬರುವುದು ಅದೇ ಫೈಲಿನ ಬೇರೆ ಹಾಳೆಯಲ್ಲಿ. ಚಾರ್ಜ್‌ಶೀಟಿನ ಸಾಕ್ಷಿದಾರರ ಪಟ್ಟಿಯಲ್ಲಿ ಸಿಡಬ್ಲ್ಯು 1, ಸಿಡಬ್ಲ್ಯು 2 ಅಂತ ನಂಬರ್ ಹಾಕಿ, ತಂದೆ ಹೆಸರು, ವಯಸ್ಸು, ಕಸುಬು, ಊರು, ಫೋನ್ ನಂಬರ್ ಎಲ್ಲ ಬರೆದಿರುತ್ತಾರೆ. ಫಿರ್ಯಾದುದಾರರು, ಮಹಜರಿಗೆ ಸಹಿ ಹಾಕಿದ ಪಂಚರು, ಅಪಘಾತ ಕಣ್ಣಾರೆ ಕಂಡವರು, ಎಲ್ಲರೂ ಅಲ್ಲಿರುತ್ತಾರೆ. ಆ ಪಟ್ಟಿಯಲ್ಲಿ ಹೆಸರು ಬಂದರೆ ಮುಂದೆ ಸಮನ್ಸ್ ಬರುತ್ತದೆ, ಕೋರ್ಟಿಗೆ ಬರಬೇಕು, ವಕೀಲರ ಪ್ರಶ್ನೆಗೆ ಉತ್ತರ ಹೇಳಬೇಕು. ನಮ್ಮ ಜನ ಹೆದರುವುದು ಈ ಪಟ್ಟಿಗೆ. ಬೆಲ್ಲದ ಗಾಣದ ಕೆಲಸ ಬಿಟ್ಟು, ಕಬ್ಬು ಕಡಿಯುವುದು ಬಿಟ್ಟು ದಿನಗಟ್ಟಲೆ ಕೋರ್ಟಿನ ಕಾರಿಡಾರಿನಲ್ಲಿ ಯಾರು ಕಾಯುತ್ತಾರೆ? ‘ಸಾಕ್ಷಿ ಗೀಕ್ಷಿ ಅಂತ ಎಳೀತಾರೆ, ನಮಗ್ಯಾಕೆ’ ಅನ್ನುವ ಮಾತು ಕೇಳದವರು ಯಾರೂ ಇಲ್ಲ.

ಈಗ ಇಂಗ್ಲಿಷ್ ಪದಕ್ಕೆ ಬರೋಣ. ನೋಡುವವರಿಗೆ ಇಂಗ್ಲಿಷಿನಲ್ಲಿ ಬಹಳ ಹೆಸರಿವೆ. ಕ್ರಿಕೆಟ್ ನೋಡುವವನು, ದಸರಾದಲ್ಲಿ ಬನ್ನಿಮಂಟಪದ ಪಂಜಿನ ಕವಾಯತು ನೋಡಲು ಕೂತವನು ಸ್ಪೆಕ್ಟೇಟರ್. ಅವನು ನೋಡೋಕೆ ಅಂತಲೇ ಹೋದವನು. ಚುನಾವಣಾ ಆಯೋಗ ಕಳಿಸುವವರು ಅಬ್ಸರ್ವರ್, ಅವರಿಗೆ ನೋಡುವುದೇ ಡ್ಯೂಟಿ. ನಿಲ್ಲದೆ ನಡೆದುಹೋಗುವವನು ಪಾಸರ್‌ಬೈ. ಆದದ್ದನ್ನು ಕಣ್ಣಾರೆ ಕಂಡವನು ಐವಿಟ್ನೆಸ್. ಬೈಸ್ಟ್ಯಾಂಡರ್ ಇವರಲ್ಲಿ ಯಾರೂ ಅಲ್ಲ. ತನ್ನ ಪಾಡಿಗೆ ತಾನು ಅಲ್ಲಿದ್ದವನು, ನಡೆದದ್ದಕ್ಕೂ ಅವನಿಗೂ ಸಂಬಂಧ ಇಲ್ಲ. ಅವನು ಅಪಘಾತ ನೋಡಿರಬಹುದು, ನೋಡದೆಯೂ ಇರಬಹುದು. ಟೀ ಅಂಗಡಿ ಒಳಗೆ ಕೂತಿದ್ದವನು ಧಡಾರ್ ಅಂತ ಸದ್ದು ಕೇಳಿ ಹೊರಗೆ ಓಡಿ ಬಂದರೆ ಅವನು ಬೈಸ್ಟ್ಯಾಂಡರ್. ಪ್ರತ್ಯಕ್ಷದರ್ಶಿ ಖಂಡಿತ ಅಲ್ಲ. ಯಾರ ತಪ್ಪು, ಯಾವ ಗಾಡಿ ಎಡಕ್ಕೆ ಬಂತು, ಇಂಡಿಕೇಟರ್ ಹಾಕಿತ್ತಾ, ಅವನಿಗೆ ಒಂದೂ ಗೊತ್ತಿಲ್ಲ. ಸಹಾಯ ಮಾಡುವವರಲ್ಲಿ ಜಾಸ್ತಿ ಜನ ಹೀಗೆ ಸದ್ದು ಕೇಳಿ ಓಡಿ ಬಂದವರೇ ಅಲ್ವಾ?

ಸಂಬಂಧವಿಲ್ಲದೆ ಪಕ್ಕದಲ್ಲಿ ನಿಂತವನಿಗೆ ಇಂಗ್ಲಿಷರ ಕಾನೂನಿನಲ್ಲಿ ಹಳೇ ಕಾಲದಿಂದ ಒಂದು ಜಾಗ ಇದೆ. ಜ್ಯೂರಿಗೆ ಜನ ಸಾಲದೇ ಹೋದರೆ ಕೋರ್ಟಿನ ಸುತ್ತಮುತ್ತ ನಿಂತಿದ್ದವರನ್ನೇ ಕರೆದು ಕೂರಿಸುವ ಪದ್ಧತಿ ಅವರಲ್ಲಿತ್ತು. ಒಪ್ಪಂದದ ಕಾನೂನಿನಲ್ಲಿ ‘ಅಫೀಷಿಯಸ್ ಬೈಸ್ಟ್ಯಾಂಡರ್’ ಅಂತ ಒಂದು ಪರೀಕ್ಷೆಯೇ ಇದೆ, 1939ರ ಒಂದು ಇಂಗ್ಲೆಂಡ್ ಕೇಸಿನಲ್ಲಿ ನ್ಯಾಯಮೂರ್ತಿ ಮೆಕಿನನ್ ಹೇಳಿದ್ದು. ಇಬ್ಬರು ವ್ಯಾಪಾರದ ಮಾತಾಡುತ್ತಿರುವಾಗ ಪಕ್ಕದಲ್ಲಿದ್ದ ಮೂರನೆಯವನು ಮೂಗು ತೂರಿಸಿ ‘ಈ ಷರತ್ತೂ ಬರೆಯಿರಿ’ ಅಂದರೆ, ಇಬ್ಬರೂ ‘ಅದನ್ನು ಬೇರೆ ಹೇಳಬೇಕೇನಯ್ಯಾ, ಅದು ಇದ್ದೇ ಇದೆ’ ಅಂತ ಗದರುವಂತಿದ್ದರೆ, ಆ ಷರತ್ತು ಬರೆಯದಿದ್ದರೂ ಒಪ್ಪಂದದಲ್ಲಿ ಇದೆ ಅಂತಲೇ ಲೆಕ್ಕ. ನಮ್ಮ ಸುಪ್ರೀಂ ಕೋರ್ಟ್ ಕೂಡ 2017ರಲ್ಲಿ ಪಂಜಾಬಿನ ಒಂದು ವಿದ್ಯುತ್ ಕಂಪನಿಯ ಕೇಸಿನಲ್ಲಿ ಈ ಪರೀಕ್ಷೆಯನ್ನು ಚರ್ಚಿಸಿದೆ. ಇವೆರಡರಲ್ಲೂ ಅವನು ಆ ಗಳಿಗೆಯಲ್ಲಿ ಅಲ್ಲಿ ಇದ್ದ ಅನ್ನುವುದಷ್ಟೇ ಮುಖ್ಯ. ಏನಾದರೂ ನೋಡಿದ್ದಾನಾ ಅಂತ ಯಾರೂ ಕೇಳುವುದಿಲ್ಲ.

ಇನ್ನೊಂದು ಬಳಕೆ ಇದೆ, ಅದು ನಮಗೆ ಬಹಳ ಹತ್ತಿರದ್ದು. ಕೇರಳದ ಆಸ್ಪತ್ರೆಗಳಲ್ಲಿ ಬೈಸ್ಟ್ಯಾಂಡರ್ ಅಂದರೆ ರೋಗಿಯ ಜೊತೆ ಉಳಿದುಕೊಳ್ಳುವವರು. ಮನೆಯವರು, ಊಟ ತಂದುಕೊಡುವವರು, ರಾತ್ರಿ ಬೆಡ್ ಪಕ್ಕ ಮಲಗುವವರು. ವಯನಾಡಿನಿಂದ ಮೈಸೂರಿಗೆ ಚಿಕಿತ್ಸೆಗೆ ಬರುವವರ ಬಾಯಲ್ಲಿ ಈ ಪದ ಈಗಲೂ ಕೇಳಬಹುದು. ನಮ್ಮಲ್ಲಿ ಅದಕ್ಕೆ ‘ಪೇಷಂಟ್ ಕಡೆಯವರು’ ಅನ್ನುತ್ತೇವೆ. ನೋಡಿ, ಒಂದೇ ಪದ. ರಸ್ತೆಯಲ್ಲಿ ಅದರ ಅರ್ಥ ಸಂಬಂಧವೇ ಇಲ್ಲದವನು, ಆಸ್ಪತ್ರೆಯಲ್ಲಿ ಅದರ ಅರ್ಥ ಪೂರ್ತಿ ಸಂಬಂಧ ಇರುವವನು. ಗಾಯಾಳುವನ್ನು ಕರೆದುಕೊಂಡು ಹೋದವನ ಪಾಡು ಈ ಎರಡರ ಮಧ್ಯೆ ಸಿಕ್ಕಿಕೊಳ್ಳುವುದು.

ನಮ್ಮ ಬೀದಿಯ ಹುಡುಗನೊಬ್ಬ ಆಟೋ ಓಡಿಸುತ್ತಾನೆ. ಸರ್ವಿಸ್ ರಸ್ತೆಯಲ್ಲಿ ಬೈಕಿನಿಂದ ಬಿದ್ದವರೊಬ್ಬರನ್ನು ಎತ್ತಿ ಹಾಕಿಕೊಂಡು ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ಬಿಟ್ಟ. ಕೌಂಟರಿನಲ್ಲಿ ಕೇಳಿದ ಮೊದಲ ಪ್ರಶ್ನೆಯೇ ‘ಪೇಷಂಟ್ ಕಡೆಯವರು ಯಾರು?’ ಇವನು ಕರೆದುಕೊಂಡು ಬಂದದ್ದು ನಾನೇ ಅಂದ. ಅಷ್ಟಕ್ಕೆ ಹೆಸರು, ಆಧಾರ್, ಫೋನ್ ನಂಬರ್, ಅಡ್ವಾನ್ಸ್ ಎಷ್ಟು ಕಟ್ತೀರಿ ಅಂತ ಶುರುವಾಯ್ತು. ನನಗೆ ಅವರು ಯಾರೋ ಗೊತ್ತಿಲ್ಲ ಅಂದರೆ, ‘ಹಾಗಾದರೆ ಅವರ ಮನೆಯವರು ಬರೋವರೆಗೂ ಇಲ್ಲೇ ಇರಿ’ ಅಂತ ಕೂರಿಸಿದರು. ಸೀಟಿನ ಮೇಲಿನ ರಕ್ತ ಒರೆಸಿಕೊಳ್ಳೋಕೂ ಬಿಡಲಿಲ್ಲ. ಮಧ್ಯಾಹ್ನದ ಶಾಲೆ ಮಕ್ಕಳ ಬಾಡಿಗೆ ಹೋಯ್ತು. ಅವನ ಹೆಂಡತಿ ಅವತ್ತಿನಿಂದ ‘ಇನ್ನೊಂದು ಸಲ ಯಾರನ್ನೂ ಹತ್ತಿಸಿಕೋಬೇಡಿ’ ಅನ್ನುತ್ತಿದ್ದಾರೆ. ಆಕೆಯನ್ನು ಬೈಯುವ ಮನಸ್ಸು ನನಗಿಲ್ಲ. ಆದರೆ ಆ ಕೌಂಟರಿನಲ್ಲಿ ನಡೆದದ್ದು ಪೂರ್ತಿ ನಿಯಮಕ್ಕೆ ವಿರುದ್ಧ. ಅದು ಆ ಹುಡುಗನಿಗೂ ಗೊತ್ತಿರಲಿಲ್ಲ, ಕೌಂಟರಿನಲ್ಲಿದ್ದವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ನಿಯಮ ಏನು ಹೇಳುತ್ತದೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇದು ಕನ್ನಡದಲ್ಲಿ ಸಾಲದಷ್ಟು ಕಡಿಮೆ ಬಂದಿದೆ. ಸೇವ್‌ಲೈಫ್ ಫೌಂಡೇಶನ್ ಅನ್ನುವ ಸಂಸ್ಥೆ 2012ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. 2013ರಲ್ಲಿ ಒಂದು ಸಮೀಕ್ಷೆ ಮಾಡಿತು. ರಸ್ತೆಯಲ್ಲಿ ಗಾಯಗೊಂಡವರಿಗೆ ಸಹಾಯ ಮಾಡುವುದು ಅನುಮಾನ ಅಂದವರು ನೂರಕ್ಕೆ 74 ಜನ. ಅವರಲ್ಲಿ ನೂರಕ್ಕೆ 88 ಜನ ಕೊಟ್ಟ ಕಾರಣ ಪೊಲೀಸರ ವಿಚಾರಣೆ ಮತ್ತು ಕೋರ್ಟಿನ ಅಲೆದಾಟ. ಜನರಿಗೆ ಕರುಣೆ ಇಲ್ಲ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವಲ್ಲ, ಕರುಣೆ ಇತ್ತು, ಸಾಕ್ಷಿ ಆಗುವ ಭಯ ಅದಕ್ಕಿಂತ ದೊಡ್ಡದಾಗಿತ್ತು.

ಆಮೇಲೆ 2015ರ ಮೇ ತಿಂಗಳಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಮಾರ್ಗಸೂಚಿ ಹೊರಡಿಸಿತು. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಆ ಮಾರ್ಗಸೂಚಿಯ ಮೊದಲನೇ ಅಂಶವೇ ನನ್ನ ಈ ಪತ್ರದ ಮೂಲ. ಬೈಸ್ಟ್ಯಾಂಡರ್ ಆಗಲಿ, ಸಹಾಯಕ್ಕೆ ಬಂದ ಬೇರೆ ಯಾರೇ ಆಗಲಿ, ಗಾಯಾಳುವನ್ನು ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದು. ಅವರಿಗೆ ಯಾವ ಪ್ರಶ್ನೆಯನ್ನೂ ಕೇಳದೆ ತಕ್ಷಣ ಹೊರಡಲು ಬಿಡಬೇಕು. ವಿಳಾಸ ಕೊಟ್ಟು ಹೋಗಬೇಕಾದವರು ಪ್ರತ್ಯಕ್ಷದರ್ಶಿ ಮಾತ್ರ. ‘ಮಾತ್ರ’ ಅನ್ನುವ ಪದ ಅಲ್ಲಿ ಸ್ಪಷ್ಟವಾಗಿ ಇದೆ. ಅಂದರೆ ಸರ್ಕಾರ ಉದ್ದೇಶಪಟ್ಟು ಇಬ್ಬರ ಮಧ್ಯೆ ಗೆರೆ ಎಳೆದಿದೆ. ಆ ಗೆರೆಯನ್ನು ನಾವು ಕನ್ನಡದಲ್ಲಿ ಬರೆಯುವವರು ಅಳಿಸಿ ಹಾಕುತ್ತಿದ್ದೇವೆ. ಗಾಯಾಳುವನ್ನು ಎತ್ತಿದವರನ್ನೆಲ್ಲ ಪ್ರತ್ಯಕ್ಷದರ್ಶಿ ಅಂತ ಬರೆದರೆ, ಓದಿದವನ ತಲೆಯಲ್ಲಿ ಕೂರುವುದು ಒಂದೇ: ಎತ್ತಿದರೆ ಸಾಕ್ಷಿ ಆಗಬೇಕು.

ಉಳಿದ ಅಂಶಗಳೂ ಅಷ್ಟೇ ಮುಖ್ಯ. ಪೊಲೀಸರಿಗೋ ಆಂಬುಲೆನ್ಸಿಗೋ ಫೋನ್ ಮಾಡಿದವರನ್ನು ಹೆಸರು ಹೇಳಿ ಅಂತ ಬಲವಂತ ಮಾಡುವಂತಿಲ್ಲ. ಪೊಲೀಸ್ ಕೇಸಿಗೆ ಸಂಬಂಧಪಟ್ಟ ಗಾಯಾಳು ಬಂದಾಗ ಆಸ್ಪತ್ರೆ ತುಂಬುವ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಫಾರಂನಲ್ಲೂ ಕರೆತಂದವರ ಹೆಸರು ಅವರು ಇಷ್ಟಪಟ್ಟರೆ ಮಾತ್ರ. ಕರೆತಂದವರು ಮನೆಯವರಲ್ಲದಿದ್ದರೆ ದಾಖಲಾತಿಗೆ ಅವರ ಹತ್ತಿರ ದುಡ್ಡು ಕೇಳುವಂತಿಲ್ಲ, ಅವರನ್ನು ಅಲ್ಲೇ ಇರಿಸಿಕೊಳ್ಳುವಂತಿಲ್ಲ. ಇಷ್ಟನ್ನೂ ಹಿಂದಿ, ಇಂಗ್ಲಿಷ್ ಮತ್ತು ಆಯಾ ರಾಜ್ಯದ ಭಾಷೆಯಲ್ಲಿ ಬರೆದು ಆಸ್ಪತ್ರೆಯ ಬಾಗಿಲಲ್ಲಿ ಹಾಕಬೇಕು. ಮಂಡ್ಯ, ಮೈಸೂರಿನ ಓದುಗರು ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಬಾಗಿಲಲ್ಲಿ ಆ ಕನ್ನಡದ ಬೋರ್ಡ್ ಇದೆಯಾ ಅಂತ ಒಂದು ಸಲ ಹುಡುಕಿ ನೋಡಿ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದು 134ಎ ಅನ್ನುವ ಸೆಕ್ಷನ್ ಸೇರಿತು. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡುವಾಗ ಅಕಸ್ಮಾತ್ ಹೆಚ್ಚುಕಮ್ಮಿ ಆಗಿ ಗಾಯಾಳುವಿಗೆ ತೊಂದರೆ ಆದರೂ, ಪ್ರಾಣವೇ ಹೋದರೂ, ಸಹಾಯಕ್ಕೆ ಬಂದವರ ಮೇಲೆ ಸಿವಿಲ್ ಕೇಸೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. 2020ರ ಸೆಪ್ಟೆಂಬರಿನಲ್ಲಿ ಅದಕ್ಕೆ ನಿಯಮಗಳು ಬಂದವು. ತಾನಾಗಿ ಸಾಕ್ಷಿ ಹೇಳಲು ಒಪ್ಪಿದರೂ ಮನೆಗೋ ಅವರು ಕೆಲಸ ಮಾಡುವ ಜಾಗಕ್ಕೋ ಪೊಲೀಸರೇ ಮಫ್ತಿಯಲ್ಲಿ ಬಂದು ಹೇಳಿಕೆ ತೆಗೆದುಕೊಳ್ಳಬೇಕು ಅಂತ ಅದರಲ್ಲಿದೆ. ಇನ್ನು ನಮ್ಮ ಕರ್ನಾಟಕ ಈ ವಿಷಯದಲ್ಲಿ ಎಲ್ಲರಿಗಿಂತ ಮುಂದೆ ಇತ್ತು. ಸಹಾಯಕ್ಕೆ ಬಂದವರನ್ನು ಕಾಪಾಡೋಕೆ ಬೇರೆಯದೇ ಕಾಯ್ದೆ ಮಾಡಿ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಮೊದಲ ರಾಜ್ಯ ನಮ್ಮದು. ನಮ್ಮ ರಾಜ್ಯದ ಹೆಮ್ಮೆಯ ಪಟ್ಟಿಯಲ್ಲಿ ಇದನ್ನು ಯಾರೂ ಸೇರಿಸಿದ್ದು ನಾನು ಕಂಡಿಲ್ಲ.

ಪದ ಬೇರೆ ಬರೆದ ಮಾತ್ರಕ್ಕೆ ಜನ ಬದಲಾಗುತ್ತಾರಾ ಅಂತ ನೀವು ಕೇಳಬಹುದು. ಪತ್ರಿಕೆ ಬರೆದದ್ದು ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಇದೇ ಪದದ ಸುತ್ತ ಒಂದು ಕಥೆ ಇದೆ. 1964ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜೆನೊವೀಸ್ ಅನ್ನುವ ಯುವತಿಯ ಕೊಲೆ ಆಯ್ತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 38 ಜನ ಕಣ್ಣಾರೆ ನೋಡಿಯೂ ಸುಮ್ಮನಿದ್ದರು ಅನ್ನುವ ಹಾಗೆ ಬರೆಯಿತು. ಇಡೀ ಜಗತ್ತು ಅದನ್ನು ನಂಬಿತು. ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ‘ಬೈಸ್ಟ್ಯಾಂಡರ್ ಎಫೆಕ್ಟ್’ ಅನ್ನುವ ಪಾಠಕ್ಕೆ ಅದೇ ಉದಾಹರಣೆ ಆಯ್ತು. ಆಮೇಲೆ ವಿಚಾರಿಸಿ ನೋಡಿದರೆ, ಕಣ್ಣಾರೆ ಕಂಡವರು ಬಹಳ ಕಡಿಮೆ. ಜಾಸ್ತಿ ಜನಕ್ಕೆ ಕೇಳಿಸಿದ್ದು ಕತ್ತಲಲ್ಲಿ ಒಂದು ಕೂಗು, ಗಂಡ ಹೆಂಡತಿ ಜಗಳ ಇರಬೇಕು ಅಂದುಕೊಂಡವರೂ ಇದ್ದರು. ಆ ಪತ್ರಿಕೆಯೇ 2016ರಲ್ಲಿ ತನ್ನ ಹಳೆಯ ವರದಿಯಲ್ಲಿ ದೋಷ ಇತ್ತು, ಸಾಕ್ಷಿಗಳ ಸಂಖ್ಯೆ ಉಬ್ಬಿಸಿತ್ತು ಅಂತ ಒಪ್ಪಿಕೊಂಡಿತು. ಅಲ್ಲೇ ಇದ್ದವರನ್ನೆಲ್ಲ ಪ್ರತ್ಯಕ್ಷ ಸಾಕ್ಷಿ ಮಾಡಿದ ಒಂದು ವರದಿ, ಒಂದು ಇಡೀ ಬಡಾವಣೆಯ ಜನರಿಗೆ 50 ವರ್ಷ ಕಳಂಕ ಹಚ್ಚಿತು.

ಆ ಕೊಲೆಯ ನಂತರ ಡಾರ್ಲಿ ಮತ್ತು ಲತಾನೆ ಅನ್ನುವ ಇಬ್ಬರು ವಿಜ್ಞಾನಿಗಳು ಮಾಡಿ 1968ರಲ್ಲಿ ಪ್ರಕಟಿಸಿದ ಪ್ರಯೋಗ ಮಾತ್ರ ಗಟ್ಟಿಯಾದದ್ದು. ಬೇರೆ ಕೋಣೆಯಲ್ಲಿರುವ ಒಬ್ಬನಿಗೆ ಫಿಟ್ಸ್ ಬಂದ ಸದ್ದು ಇಂಟರ್‌ಕಾಮಿನಲ್ಲಿ ಕೇಳಿಸುತ್ತದೆ. ಕೇಳುವವನು ತಾನೊಬ್ಬನೇ ಅಂದುಕೊಂಡಾಗ ನೂರಕ್ಕೆ 85 ಜನ ಎದ್ದು ಸಹಾಯಕ್ಕೆ ಹೋದರು. ಇನ್ನೂ ನಾಲ್ಕು ಜನ ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡಾಗ ಹೋದವರು 31 ಮಾತ್ರ. ಗುಂಪು ದೊಡ್ಡದಾದಷ್ಟೂ ಪ್ರತಿಯೊಬ್ಬನೂ ‘108ಕ್ಕೆ ಯಾರಾದರೂ ಮಾಡಿರ್ತಾರೆ ಬಿಡು’ ಅಂದುಕೊಳ್ಳುತ್ತಾನೆ. ಅದಕ್ಕೇ ಅಲ್ಲಿ ನಿಂತವರು ಗುಂಪಿಗೆ ಕೂಗಬಾರದು, ಒಬ್ಬರನ್ನು ತೋರಿಸಿ ‘ನೀಲಿ ಷರ್ಟಿನ ಅಣ್ಣಾ, ನೀವು ಫೋನ್ ಮಾಡಿ’ ಅನ್ನಬೇಕು. ಆದರೆ ಜನ ಕೈಕಟ್ಟಿ ನಿಲ್ಲುವವರೇ ಅಂತ ತೀರ್ಮಾನ ಮಾಡುವಂತಿಲ್ಲ. ಆಮ್ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್, ಕೇಪ್‌ಟೌನ್ ಊರುಗಳ ಬೀದಿ ಜಗಳಗಳ ಸಿಸಿಟಿವಿ ದೃಶ್ಯ ನೋಡಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 219 ಘಟನೆಗಳಲ್ಲಿ ನೂರಕ್ಕೆ 91ರಲ್ಲಿ ಒಬ್ಬರಾದರೂ ಮಧ್ಯೆ ಹೋಗಿ ಬಿಡಿಸಿದ್ದಾರೆ.

ನಮ್ಮಲ್ಲೂ ಎರಡೂ ಆಗಿದೆ. 2017ರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಸೈಕಲ್‌ನಲ್ಲಿ ಹೋಗುತ್ತಿದ್ದ 18 ವರ್ಷದ ಹುಡುಗನಿಗೆ ಬಸ್ ಡಿಕ್ಕಿ ಹೊಡೆದು, ಅವನು ರಕ್ತದ ಮಡುವಿನಲ್ಲಿ ಸಹಾಯ ಕೇಳುತ್ತಿದ್ದರೆ ಸುತ್ತ ನಿಂತವರು ಮೊಬೈಲಿನಲ್ಲಿ ವಿಡಿಯೊ ಮಾಡಿದರು. ಹುಡುಗ ಉಳಿಯಲಿಲ್ಲ. ಆದರೆ 2018ರ ನವೆಂಬರ್ 24ರಂದು ನಮ್ಮ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ ವಿಸಿ ನಾಲೆಗೆ ಬಿದ್ದು 30 ಜನ ತೀರಿಹೋದರಲ್ಲ, ಅಲ್ಲಿಗೆ ಮೊದಲು ಓಡಿ ಬಂದವರು ಸುತ್ತಮುತ್ತಲಿನ ಜನ. ಪೊಲೀಸರು, ಅಗ್ನಿಶಾಮಕದವರು ಬರೋಕೆ ಮುಂಚೆಯೇ ನೀರಿಗೆ ಇಳಿದಿದ್ದರು. ಅವರನ್ನೂ ಪತ್ರಿಕೆಗಳು ಪ್ರತ್ಯಕ್ಷದರ್ಶಿಗಳು ಅಂತಲೇ ಬರೆದರೆ ಅವರು ಮಾಡಿದ ಕೆಲಸವೇ ಮುಚ್ಚಿಹೋಗುತ್ತದೆ.

ಬೆಂಗಳೂರು ಮೈಸೂರು ಹೆದ್ದಾರಿಯಲ್ಲಂತೂ ಈ ವಿಷಯ ಇನ್ನೂ ತುರ್ತಿನದ್ದು. ಹಳೇ ರಸ್ತೆಯಲ್ಲಿ ಅಪಘಾತ ಆದರೆ ಮದ್ದೂರೋ ಶ್ರೀರಂಗಪಟ್ಟಣವೋ, ರಸ್ತೆ ಪಕ್ಕ ಎಳನೀರು ಮಾರುವವರು, ಹೋಟೆಲಿನವರು, ಬಸ್ಸಿಗೆ ಕಾಯುವವರು ಯಾರಾದರೂ ಇದ್ದೇ ಇರುತ್ತಿದ್ದರು. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆ ಆಯ್ತು. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದನ್ನು ನಿಲ್ಲಿಸಿದರು. ಅದರಿಂದ ಅಪಘಾತ ತಪ್ಪಿದರೆ ಸಂತೋಷವೇ. ಆದರೆ ಅಲ್ಲಿ ಈಗ ಪಕ್ಕದಲ್ಲಿ ನಿಂತವರು ಅಂತ ಯಾರೂ ಇಲ್ಲ. ಬೇಲಿ ಇದೆ. ಕಾರು ನಿಲ್ಲಿಸುವ ಇನ್ನೊಬ್ಬ ಪ್ರಯಾಣಿಕನೇ ಗತಿ. ಅವನು ಬ್ರೇಕ್ ಒತ್ತಲೋ ಬೇಡವೋ ಅಂತ ಯೋಚಿಸುವ ಆ ಒಂದೆರಡು ಕ್ಷಣದಲ್ಲಿ, ನಿಲ್ಲಿಸಿದರೆ ಕೋರ್ಟು ಅಂತ ನೆನಪಾಗಬೇಕಾ, ನಿಲ್ಲಿಸಿ ಆಸ್ಪತ್ರೆಗೆ ಬಿಟ್ಟು ಹೋಗಬಹುದು ಅಂತ ನೆನಪಾಗಬೇಕಾ?

ಹಾಗಾಗಿ ಸಂಪಾದಕರೇ, ನನ್ನ ಕೋರಿಕೆ ಇಷ್ಟು. ಸಹಾಯ ಮಾಡಿದವರನ್ನು ‘ಅಲ್ಲಿದ್ದವರು’ ಅಂತ ಬರೆಯಿರಿ, ಅಥವಾ ‘ಸಹಾಯಕ್ಕೆ ಬಂದವರು’ ಅಂತ. ಜನ ಆಡುವ ಮಾತೂ ಅದೇ, ‘ಅಲ್ಲಿದ್ದೋರೇ ಎತ್ತಾಕ್ಕೊಂಡು ಹೋದ್ರಂತೆ’ ಅಂತಲೇ ಅಲ್ವಾ ನಾವು ಹೇಳುವುದು. ಆದದ್ದನ್ನು ಕಂಡು ನಿಮ್ಮ ವರದಿಗಾರರಿಗೆ ವಿವರಿಸಿದವರಿಗೆ ಮಾತ್ರ ಪ್ರತ್ಯಕ್ಷದರ್ಶಿ ಅನ್ನಿ. ಸುಮ್ಮನೆ ವಿಡಿಯೊ ಮಾಡುತ್ತಾ ನಿಂತವರಿಗೆ ಬೇಕಾದರೆ ಮೂಕ ಪ್ರೇಕ್ಷಕರು ಅನ್ನುವ ಹಳೇ ಮಾತು ಇದ್ದೇ ಇದೆ. ಎತ್ತಿದವರನ್ನು ಅವರ ಜೊತೆ ಸೇರಿಸಬೇಡಿ.

ಇನ್ನೊಂದು, ಅಪಘಾತದ ಸುದ್ದಿಯ ಕೆಳಗೆ ನಾಲ್ಕು ಸಾಲಿನ ಒಂದು ಬಾಕ್ಸ್ ಹಾಕಿ. ಬೇಕಾದರೆ ಈ ಸಾಲುಗಳನ್ನೇ ತೆಗೆದುಕೊಳ್ಳಿ: ‘ಗಾಯಾಳುವನ್ನು ನೀವು ಆಸ್ಪತ್ರೆಗೆ ಸೇರಿಸಿ ತಕ್ಷಣ ಹೊರಡಬಹುದು. ನಿಮ್ಮ ಹೆಸರು, ನಂಬರ್ ಕೊಡಿ ಅಂತ ಬಲವಂತ ಮಾಡುವಂತಿಲ್ಲ. ದುಡ್ಡು ಕಟ್ಟಿ ಅಂತ ಕೇಳುವಂತಿಲ್ಲ. ಸಹಾಯಕ್ಕೆ 108 ಅಥವಾ 112ಕ್ಕೆ ಫೋನ್ ಮಾಡಿ.’

ಇಂತಿ,
ನಿಮ್ಮ ಓದುಗ,
ಮಂಡ್ಯ